ಡಿಸ್ಕಿನ ಕಾಕು

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವತ್ತೋ ಕಾರಿನ ಬ್ರೇಕ್ ಡಿಸ್ಕೊಂದು ಕಪಾಟಿನಿಂದ ಜಾರಿ ಅದರ ಮೇಲೆ ಬಿದ್ದಿತ್ತಂತೆ. ಉಗುರು ಮತ್ತೆ ಬೆಳೆಯಿತು, ಆದರೆ ಎರಡು ಹೋಳಾಗಿಯೇ ಬೆಳೆಯಿತು. ಹೋಳುಗಳ ನಡುವೆ ಕಬ್ಬಿಣದ ಕಪ್ಪು ಪುಡಿ ಕೂತು ಒಂದು ಗೆರೆಯಾಗಿತ್ತು. ಯಾರಾದರೂ ಹಳೆಯ ಡಿಸ್ಕ್ ತಂದರೆ ಅಳತೆಗೂ ಮೊದಲು ಆ ಉಗುರನ್ನು ಡಿಸ್ಕಿನ ಮೇಲಿಟ್ಟು ಅಂಚಿನ ಕಡೆಗೆ ಎಳೆಯುತ್ತಿದ್ದರು. ಬ್ರೇಕ್ ಒತ್ತಿದಾಗ ಗಾಲಿಯ ಡಿಸ್ಕನ್ನು ಅಮುಕುವ ಪ್ಯಾಡು ಉಜ್ಜಿ ಉಜ್ಜಿ ಡಿಸ್ಕ್ ಸವೆದಾಗ, ಪ್ಯಾಡು ಮುಟ್ಟದ ಹೊರ ಅಂಚು ಮಾತ್ರ ಸಣ್ಣ ದಂಡೆಯಂತೆ ಎದ್ದು ನಿಲ್ಲುತ್ತದೆ. ಉಗುರು ಆ ದಂಡೆಗೆ ತಡೆದದ್ದೇ ತಡ, ಕಾಕುವಿನ ಹುಬ್ಬು ಗಂಟಾಗುತ್ತಿತ್ತು.

"ಇದರ ಮ್ಯಾಲ ಇಷ್ಟ ದಿನಾ ಮನಿ ಮಂದೀನ್ನ ಕೂಡಿಸ್ಕೊಂಡು ತಿರುಗೀಯೇನಪಾ?" ಎಂದು ಬಂದವನನ್ನು ಬಯ್ಯುತ್ತಿದ್ದರು. ಬಯ್ಗುಳ ಮುಗಿಯುವ ತನಕ ವ್ಯಾಪಾರದ ಮಾತಿಲ್ಲ.

ಹುಬ್ಬಳ್ಳಿಯ ಕಮರಿಪೇಟೆಯ ಗಲ್ಲಿಯೊಂದರಲ್ಲಿ ಅವರ ಅಂಗಡಿ. ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಡಿಸ್ಕುಗಳ ರಾಶಿಯ ನಡುವೆ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಗಾಡಿ ರಿಪೇರಿ ಮಾಡುವ ಊರಿನ ಮಿಸ್ತ್ರಿಗಳೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅದೇ ಮಿಸ್ತ್ರಿಗಳು ಮುಂದೆ ಅವರಿಗೆ ಏನು ಮಾಡಿದರು, ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕು.

ನಾನು ವಿಜ್ಞಾನದ ಟೀಚರ್. ದೇಶಪಾಂಡೆ ನಗರದ ಮನೆಯಿಂದ ಕಲಘಟಗಿ ಕಡೆಯ ಒಂದು ಹೈಸ್ಕೂಲಿಗೆ ದಿನಾ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಒಮ್ಮೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ಗಡಗಡ ನಡುಗಲು ಶುರುವಾಯಿತು. ನನ್ನ ಗಂಡನ ಬಾಲ್ಯದ ಗೆಳೆಯನದೊಂದು ಗ್ಯಾರೇಜಿದೆ. ಅಲ್ಲಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು, "ವೈನಿ, ಇದೆಲ್ಲಾ ನಿಮಗ ತಿಳಿಯಂಗಿಲ್ಲ. ಸಾಹೇಬ್ರನ್ನ ಕಳಸ್ರಿ" ಅಂದ. ಗಾಡಿ ಓಡಿಸುವವಳು ನಾನು, ನಡುಗುತ್ತಿರುವುದು ನನ್ನ ಕೈ, ತಿಳಿಯಬೇಕಾದವರು ಮಾತ್ರ ಸಾಹೇಬರು! ಆ ಸಿಟ್ಟಿನಲ್ಲೇ, ಸಹೋದ್ಯೋಗಿಯೊಬ್ಬರು ಹೇಳಿದ್ದ ಕಾಕುವಿನ ಅಂಗಡಿ ಹುಡುಕಿಕೊಂಡು ಹೋದೆ.

ಗಾಡಿಯ ಹೆಸರು ಹೇಳಿದೆ. ಕಾಕು ತಲೆ ಎತ್ತಲಿಲ್ಲ.

"ಹೆಸರು ಬ್ಯಾಡ್ರಿ ಮೇಡಂ. ಒಂದ ಹೆಸರಿನ ಗಾಡಿಗೆ ಮೂರು ನಮೂನಿ ಡಿಸ್ಕ್ ಬರ್ತಾವು. ಚಾಸಿ ನಂಬರ್ ಹೇಳ್ರಿ."

ಹೇಳಿದೆ. "ಬ್ರೇಕ್ ಒತ್ತಿದ್ರ ಕೈಯಾಗ ನಡಗತೈತೋ, ಕಾಲಾಗ ನಡಗತೈತೋ?" ಎಂದು ಕೇಳಿದರು. ಕೈಯಲ್ಲಿ ಅಂದೆ. "ಹಂಗಾರ ಮುಂದಿನ ಡಿಸ್ಕ್" ಎಂದು ಎದ್ದು, ಪಕ್ಕದ ಗಲ್ಲಿಯ ಮುಸ್ಲಿಂ ಮಿಸ್ತ್ರಿಯನ್ನು ಕರೆದು ಗಾಲಿ ಬಿಚ್ಚಿಸಿದರು. ಆಮೇಲೆ ದಪ್ಪ ಅಳೆಯುವ ವರ್ನಿಯರ್ ತೆಗೆದು ನನ್ನ ಕೈಗೇ ಕೊಟ್ಟರು. ನಾನು ಹಿಂಜರಿದೆ.

"ಗಾಡಿ ಯಾರು ಹೊಡೀತೀರಿ? ನೀವ ಹೌದಲ್ಲೋ? ಮತ್ತ ನೀವ ಅಳೀರಿ."

ಹನ್ನೆರಡು ವರ್ಷ ಮಕ್ಕಳಿಗೆ ವರ್ನಿಯರ್ ಕ್ಯಾಲಿಪರ್ಸ್ ಕಲಿಸಿದ್ದೆ. ಗೋಲಿ ಅಳೆಸಿದ್ದೆ, ಪೆನ್ಸಿಲ್ ಅಳೆಸಿದ್ದೆ. ಜೀವವೇ ನೆಚ್ಚಿಕೊಂಡಿರುವ ವಸ್ತುವನ್ನು ಅಳೆದದ್ದು ಅದೇ ಮೊದಲು. ಡಿಸ್ಕಿನ ಮೇಲೆಯೇ ಸಣ್ಣ ಅಕ್ಷರದಲ್ಲಿ ಅದರ ಕನಿಷ್ಠ ದಪ್ಪ ಕೊರೆದಿರುತ್ತದೆ ಎಂದು ತೋರಿಸಿದವರೂ ಅವರೇ. ನನ್ನ ಗಾಡಿಯ ಡಿಸ್ಕ್ ಹೊಸದಿದ್ದಾಗ ಹದಿನೇಳು ಮಿಲಿಮೀಟರ್. ಹದಿನೈದಕ್ಕೆ ಬಂದರೆ ಅದರ ಆಯುಷ್ಯ ಮುಗಿಯಿತು. ನನ್ನದು ಹದಿನೈದರ ಹೊಸ್ತಿಲಲ್ಲಿತ್ತು.

"ಲೇಥಿಗೆ ಹಾಕಿ ಸಪಾಟ ಮಾಡಿಸಿದ್ರ?" ಎಂದು ಕೇಳಿದೆ. ಗ್ಯಾರೇಜಿನವನು ಫೋನಿನಲ್ಲಿ ನನ್ನ ಗಂಡನಿಗೆ ಆ ಮಾತು ಹೇಳಿದ್ದ.

ಕಾಕು ಕೆರಳಿದರು. "ನಮ್ಮನಿಯವರ ಲೇಥ ಇತ್ರಿ. ದಪ್ಪ ಇದ್ರ ಉಜ್ಜಸಬೌದು, ನಾ ಇಲ್ಲ ಅನ್ನಂಗಿಲ್ಲ. ಇದ್ರಾಗ ಏನು ಉಳದೈತಿ ಉಜ್ಜಾಕ? ತೆಳ್ಳಗಾದ ಡಿಸ್ಕ್ ಕಾವು ತಡಿಯಂಗಿಲ್ಲ. ಊರಾಗ ನಡೀತೈತಿ. ಘಾಟ್ ಇಳಿಯುಮುಂದ ಕೈ ಬಿಡತೈತಿ."

ಎಡಬಲ ಎರಡೂ ಒಟ್ಟಿಗೆ ಬದಲಾಗಬೇಕು, ಜೊತೆಗೆ ಪ್ಯಾಡೂ ಹೊಸದಾಗಬೇಕು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಹಚ್ಚಿರುತ್ತಾರೆ, ಅದನ್ನು ಪೂರ್ತಿ ತೊಳೆಯದೆ ಕೂಡಿಸಬಾರದು. ಒಂದೊಂದನ್ನೂ ಬೆರಳು ಎತ್ತಿ ಎತ್ತಿ ಹೇಳಿದರು. ಅದೇ ಹೊತ್ತಿಗೆ ಒಬ್ಬ ತರುಣ ಬಂದು, ಚಂದ ಕಾಣುತ್ತದೆ, ತೂತು ಕೊರೆದ ಡಿಸ್ಕ್ ಬೇಕು ಅಂದ. "ತೂತು ಬೇಕಾದ್ರ ದುರ್ಗದಬೈಲಿಗೆ ಹೋಗಿ ಜರಡಿ ತಗೋ ಹೋಗು" ಎಂದು ಅಟ್ಟಿದರು.

ಹೊಸ ಡಿಸ್ಕುಗಳ ಡಬ್ಬಿಯನ್ನು ನನ್ನ ಕೈಗಿಡುವಾಗ ಹೇಳಿದ ಮಾತು ಇದು: "ಇಲ್ಲೇ ಮಿಸ್ತ್ರಿ ಕಡೆ ಹಾಕಸ್ರಿ. ಬ್ಯಾರೆ ಕಡೆ ಹಾಕಸಿದ್ರ ಗಾಲಿ ಮುಚ್ಚೂ ಮಟಾ ಅಲ್ಲೇ ನಿಂದರ್ರಿ. ಕಣ್ಣು ತಗೀಬ್ಯಾಡ್ರಿ."

ನಾನು ಎರಡನ್ನೂ ಮಾಡಲಿಲ್ಲ. ಗಂಡ, "ನಮ್ಮ ದೋಸ್ತ ಇದ್ದಾಗ ಹೊರಗ್ಯಾಕ?" ಅಂದರು. ಶಾಲೆಯಲ್ಲಿ ಪೂರಕ ಪರೀಕ್ಷೆ ನಡೆದಿತ್ತು. ಡಬ್ಬಿಯನ್ನು ಗಾಡಿಯಲ್ಲೇ ಇಟ್ಟು ಗೆಳೆಯನ ಗ್ಯಾರೇಜಿಗೆ ಬಿಟ್ಟು ಬಂದೆ. ಸಂಜೆ ತರುವಾಗ ಸ್ಟೇರಿಂಗ್ ನಡುಗುತ್ತಿರಲಿಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಮೇಲಿನ ನಾಲ್ಕು ತಿಂಗಳಲ್ಲಿ ಕಾಕು ನನಗೆ ಬಹಳ ಹತ್ತಿರವಾದರು. ಶಾಲೆಯಿಂದ ಬರುವಾಗ ವಾರಕ್ಕೊಮ್ಮೆಯಾದರೂ ಅಂಗಡಿಗೆ ಹೋಗಿ ಕೂಡುತ್ತಿದ್ದೆ. ಅವರ ಬಾಯಲ್ಲಿ ನಾನು ಮೇಡಂ ಹೋಗಿ ಯವ್ವಾ ಆದೆ. ಗಾಳಿಯಾಡಲು ಒಳಗೆ ಕಿಂಡಿಗಳಿರುವುದನ್ನು ಮಕ್ಕಳಿಗೆ ತೋರಿಸಲೆಂದು ಹಳೆಯ ಡಿಸ್ಕೊಂದನ್ನು ನಡುವೆ ಕೊಯ್ಸಿ ಕೊಟ್ಟರು. "ಹುಡುಗೀರ್ಗೂ ತೋರಸು ಮತ್ತ, ಬರೇ ಹುಡುಗರ ಕೈಯಾಗ ಕೊಡಬ್ಯಾಡ" ಎಂದು ಎರಡು ಸಲ ಹೇಳಿದ್ದರು.

ದಸರೆಯ ರಜೆಯಲ್ಲಿ ಅವ್ವನನ್ನು ಕರೆದುಕೊಂಡು ಅಂಕೋಲೆಗೆ ಹೊರಟೆ. ಅರಬೈಲ್ ಘಾಟಿನ ಇಳಿಜಾರಿನಲ್ಲಿ ಅರ್ಧ ದಾರಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಬ್ರೇಕ್ ಒತ್ತಿದೆ, ಪೆಡಲ್ ಕೆಸರಿಗೆ ಇಳಿದ ಕಾಲಿನಂತೆ ಕೆಳಗೆ ಹೋಯಿತು. ಮುಂದೆ ಲಾರಿ, ಎಡಕ್ಕೆ ಮಣ್ಣಿನ ಗೋಡೆ. ಗೇರ್ ಇಳಿಸಿದೆ, ಕೈಬ್ರೇಕ್ ಎಳೆದೆ, ಗಾಡಿಯನ್ನು ಗೋಡೆಗೆ ತಿಕ್ಕಿ ನಿಲ್ಲಿಸಿದೆ. ಅವ್ವನ ಬಲಗೈ ಮಣಿಕಟ್ಟು ಮುರಿಯಿತು. ಅವ್ವ ಅತ್ತಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಹುಬ್ಬಳ್ಳಿಗೆ ಬಂದವಳೇ ಕಾಕುವಿನ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು, ನಾಲ್ಕಾರು ಮಿಸ್ತ್ರಿಗಳಿದ್ದರು. ಯಾರನ್ನೂ ನೋಡಲಿಲ್ಲ. "ನಿಮ್ಮ ಡಿಸ್ಕ್ ನಮ್ಮವ್ವನ ಕೈ ಮುರೀತು! ಇಷ್ಟು ಮಾತಾಡಿ ನನಗ ಡುಪ್ಲಿಕೇಟ್ ಕೊಟ್ರಲ್ಲಾ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಕಾಕು, "ಗಾಡಿ ಎಲ್ಲೈತಿ?" ಎಂದು ಮಾತ್ರ ಕೇಳಿದರು. ಮನೆಯ ಮುಂದೆ ಎಳೆಸಿ ತಂದು ನಿಲ್ಲಿಸಿದ್ದೇವೆ ಅಂದೆ. ಶಟರ್ ಎಳೆದು, ಪಕ್ಕದ ಮಿಸ್ತ್ರಿಯನ್ನು ಕರೆದುಕೊಂಡು ನನ್ನ ಜೊತೆ ಬಂದರು.

ಗಾಲಿ ಬಿಚ್ಚಿದರು. ಪ್ಯಾಡು ಮುಟ್ಟದ ಡಿಸ್ಕಿನ ನಡುಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಕಾಕು ಉಗುರಿನಿಂದ ಕೆರೆದರು. ಬೆಳ್ಳಿ ಬಣ್ಣ ಸಿಪ್ಪೆಯಂತೆ ಎದ್ದು, ಕೆಳಗೆ ವರ್ಷಗಟ್ಟಲೆಯ ತುಕ್ಕು ಕಾಣಿಸಿತು. ಕನಿಷ್ಠ ದಪ್ಪದ ಅಕ್ಷರ ಇರಬೇಕಾದಲ್ಲಿ ಉಜ್ಜಿ ಅಳಿಸಿದ ಗುರುತು. ಬಲಗಡೆಯದು ಅಂಚಿನಿಂದ ಒಳಗಿನ ತನಕ ಬಿರುಕು ಬಿಟ್ಟಿತ್ತು. ವರ್ನಿಯರನ್ನು ಈ ಸಲವೂ ನನ್ನ ಕೈಗೇ ಕೊಟ್ಟರು.

ಹದಿಮೂರೂವರೆ.

"ನಾಕು ತಿಂಗಳದಾಗ ಮೂರೂವರಿ ಮಿಲಿಮೀಟರ್ ಸವಿತೈತೇನು ಯವ್ವಾ? ಇವು ನಿನ್ನ ಹಳೇ ಡಿಸ್ಕ್. ಆ ಗ್ಯಾರೇಜಿನಾಂವ ಲೇಥಿಗೆ ಹಾಕಿ ಬಣ್ಣಾ ಹೊಡದಾನ. ನಾ ಕೊಟ್ಟದ್ದು ಬ್ಯಾರೆ ಯಾರದೋ ಗಾಡ್ಯಾಗ ಅದಾವು."

ಮಿಸ್ತ್ರಿ ಹೌದೆಂದು ತಲೆಯಾಡಿಸಿದರು. ಕಾಕುವಿನ ಕೈ ಹಿಡಿದು ತಪ್ಪಾಯಿತು ಅಂದೆ. "ಅವ್ವನ ಕೈ ಮುರದ್ರ ಯಾರಾದ್ರೂ ಒದರ್ತಾರ. ಬಿಡು" ಅಂದರು. ಆದರೆ ಗ್ಯಾರೇಜಿನವನನ್ನು ಬಿಡಲು ಅವರು ತಯಾರಿರಲಿಲ್ಲ, ನಾನೂ ಇರಲಿಲ್ಲ.

ಫೋನಿನಲ್ಲಿ ಅವನು, "ಡಬ್ಬ್ಯಾಗ ಇದ್ದದ್ದ ಹಾಕೇನಿ ವೈನಿ" ಅಂದ. ಅಷ್ಟೇ ಅಲ್ಲ, ಕಾಕು ಡುಪ್ಲಿಕೇಟ್ ಮಾರುತ್ತಾಳೆ, ಟೀಚರ್ ಒಬ್ಬರು ಅಂಗಡಿಯ ಮುಂದೆಯೇ ಕೂಗಾಡಿ ಹೋದರು ಎಂದು ಊರೆಲ್ಲ ಹಬ್ಬಿಸಿದ. ನನ್ನ ಗಂಟಲೇ ಅವನ ಸಾಕ್ಷಿಯಾಯಿತು. ಗ್ಯಾರೇಜುಗಳು ಕಾಕುವಿನ ಅಂಗಡಿಯಿಂದ ಸರಿಯತೊಡಗಿದವು. ಕಾಕು ಗ್ಯಾರೇಜಿನವರ ಸಂಘದ ಹಿರಿಯರಿಗೆ ಹೇಳಿ ಒಂದು ಭಾನುವಾರ ಬೆಳಿಗ್ಗೆ ಸಭೆ ಸೇರಿಸಿದರು.

ಹಿಂದಿನ ದಿನ ನನಗೆ ಹೇಳಿದರು: "ನೀ ಏನೂ ಹೆಚ್ಚಿಗಿ ಹೇಳಬ್ಯಾಡ. ಕಣ್ಣಿಲೆ ಕಂಡದ್ದು, ಕೈಯಿಲೆ ಅಳದದ್ದು, ಅಷ್ಟ ಹೇಳು. ಡಿಸ್ಕ್ ನಿನ್ನ ಕಡೇನ ಇರ್ಲಿ. ನಾ ಒಯ್ದ್ರ ನಾನ ಬದಲಿ ಮಾಡೇನಿ ಅಂತಾರ."

"ಖರೇನ ಬರ್ತೇನ್ರಿ ಕಾಕು" ಅಂದೆ.

ಭಾನುವಾರ ಬೆಳಿಗ್ಗೆ ಡಿಸ್ಕುಗಳನ್ನು ಚೀಲಕ್ಕೆ ಹಾಕಿ ಹೊರಡುವಾಗ ಆ ಗ್ಯಾರೇಜಿನವನು ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ. ನೇರವಾಗಿ ಪ್ಲಾಸ್ಟರ್ ಹಾಕಿದ ಕೈಯ ನಮ್ಮವ್ವನ ಕಾಲು ಹಿಡಿದ. "ತಪ್ಪಾತು ಅವ್ವಾರ. ಸಭಾದಾಗ ಹೆಸರು ಬಂದ್ರ ನನ್ನ ಗ್ಯಾರೇಜ್ ಮುಚ್ಚತೈತಿ." ಅಂದರೆ ಒಪ್ಪಿಕೊಂಡ! ನನ್ನ ಮನೆಯ ಪಡಸಾಲೆಯಲ್ಲಿ, ನಾಲ್ಕು ಗೋಡೆಯ ಒಳಗೆ, ಯಾರೂ ಕೇಳದ ಕಡೆ ಒಪ್ಪಿಕೊಂಡ.

"ಇದನ್ನ ಅಲ್ಲಿ ಬಂದು ಹೇಳು" ಅಂದೆ.

ನನ್ನ ಗಂಡ ನಡುವೆ ಬಂದರು. "ಮೂವತ್ತು ವರ್ಷದ ದೋಸ್ತಿ. ಒಂದ ಅಂಗಡಿ ಸಲುವಾಗಿ ಮುರೀತಿಯೇನು?"

ನಾನು ಚೀಲ ಎತ್ತಿದೆ. ಆಗ ಅವ್ವ ಹೇಳಿದಳು: "ಕೈ ಮುರದದ್ದು ನಂದು, ನಿಂದಲ್ಲ. ಕಾಲಿಗೆ ಬಿದ್ದಾನ. ನಾ ಬ್ಯಾಡ ಅಂತೇನಿ, ಕುಂಡ್ರು."

ನಾನು ಕೂತೆ. ಇಷ್ಟೇ ನಡೆದದ್ದು. ಯಾರೂ ನನ್ನನ್ನು ಕಟ್ಟಿಹಾಕಲಿಲ್ಲ, ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಕೂತೆ, ಆಮೇಲೆ ಎದ್ದು ಅವರಿಬ್ಬರಿಗೂ ಚಹಾ ಮಾಡಿ ಕೊಟ್ಟೆ. ಫೋನ್ ಎರಡು ಸಲ ರಿಂಗಾಯಿತು. ಕಾಕುವಿನ ಹೆಸರು ಬೆಳಗಿತು, ಆರಿತು. ನಾನು ಎತ್ತಲಿಲ್ಲ. ಅವನ ಮೇಲೆ, ಗಂಡನ ಮೇಲೆ, ಹಡೆದ ತಾಯಿಯ ಮೇಲೆ ಎಷ್ಟೋ ದಿನ ಸಿಟ್ಟು ಮಾಡಿದ್ದೇನೆ. ಆ ಸಿಟ್ಟೆಲ್ಲ ಸುತ್ತಿ ಸುತ್ತಿ ಬಂದು ಆ ಚಹಾದ ಕಪ್ಪು ಹಿಡಿದ ಕೈಯ ಹತ್ತಿರವೇ ನಿಲ್ಲುತ್ತದೆ.

ಸಭೆಯಲ್ಲಿ ಕಾಕು ಒಬ್ಬರೇ ಮಾತಾಡಿದರಂತೆ. ಸಾಕ್ಷಿ ಎಲ್ಲಿ ಅಂದರಂತೆ. ಬರುತ್ತಾಳೆ, ಸ್ವಲ್ಪ ತಡೀರಿ ಎಂದು ಎರಡು ತಾಸು ಬಾಗಿಲು ನೋಡುತ್ತ ಕೂತರಂತೆ. ಪಕ್ಕದ ಮಿಸ್ತ್ರಿ ಎದ್ದು ಹೇಳಹೋದರೆ, ಇವನು ಆಕೆಯ ಕಡೆಯವನು ಎಂದು ಕೂಡಿಸಿದರಂತೆ. ಕೊನೆಗೆ ಯಾವ ಗ್ಯಾರೇಜೂ ಆ ಅಂಗಡಿಯಿಂದ ಸಾಮಾನು ಒಯ್ಯಬಾರದು ಎಂದು ಠರಾವು ಆಯಿತು.

ನಾಲ್ಕು ದಿನ ಬಿಟ್ಟು ಹೋದೆ. ಬಯ್ಯಲಿ, ಅಂಗಡಿಯಿಂದ ಹೊರಹಾಕಲಿ ಎಂದು ಬೇಡಿಕೊಳ್ಳುತ್ತ ಹೋದೆ. ಕಾಕು ತಲೆ ಎತ್ತಿ ನೋಡಿದರು.

"ಬರ್ರಿ ಮೇಡಂ, ಕುಂಡರ್ರಿ. ಗಾಡಿಗೆ ಹೊಸಾ ಡಿಸ್ಕ್ ಹಾಕಸಿದ್ರಿ?"

ಏನೇನೋ ಹೇಳಲು ಬಾಯಿ ತೆರೆದೆ. ಅವರು ಬೇರೆ ಮಾತಿಗೇ ಹೋಗಲಿಲ್ಲ. ಕಪಾಟಿನಿಂದ ಡಿಸ್ಕುಗಳನ್ನು ಇಳಿಸಿ, ನಮ್ಮ ಮನೆಯ ಮುಂದೆ ನಿಂತಿದ್ದ ಗಾಡಿಗೆ ಮಿಸ್ತ್ರಿಯಿಂದ ಹಾಕಿಸಿ, ಗಾಲಿ ಮುಚ್ಚುವ ತನಕ ತಾವೇ ಬಿಸಿಲಿನಲ್ಲಿ ನಿಂತರು. "ಮದಲ ಮುನ್ನೂರು ಕಿಲೋಮೀಟರ್ ಜೋರಲೆ ಬ್ರೇಕ್ ಒತ್ತಬ್ಯಾಡ್ರಿ. ಪ್ಯಾಡು ಡಿಸ್ಕು ಒಂದಕ್ಕೊಂದು ಹೊಂದಬೇಕು" ಅಂದರು. ಆಮೇಲೆ ಎಷ್ಟು ಸಲ ಹೋದರೂ ನಾನು ಮೇಡಂ ಆಗಿಯೇ ಉಳಿದೆ.

ಗ್ಯಾರೇಜುಗಳು ಬಿಟ್ಟರೂ ಕಾಕು ಅಂಗಡಿ ಮುಚ್ಚಲಿಲ್ಲ. ಗಾಡಿ ಇದ್ದವರೇ ಹುಡುಕಿಕೊಂಡು ಬರುತ್ತಿದ್ದರು. ಒಬ್ಬೊಬ್ಬರ ಕೈಗೂ ವರ್ನಿಯರ್ ಕೊಟ್ಟು ಅಳೆಸುತ್ತಿದ್ದರು, ಹೆಂಗಸರು ಬಂದರೆ ಇನ್ನೂ ಹಟದಿಂದ ಅಳೆಸುತ್ತಿದ್ದರು. ಠರಾವನ್ನು ಲೆಕ್ಕಿಸದೆ ಹಾಕಿಕೊಡುತ್ತಿದ್ದವರು ಪಕ್ಕದ ಮಿಸ್ತ್ರಿ ಒಬ್ಬರೇ. ಒಂದು ದಿನ ಅವರಿಂದಲೇ ನನಗೆ ಫೋನ್ ಬಂತು. "ಟೀಚರ್, ಕಾಕು ಹ್ವಾದ್ರು. ಮುಂಜಾನೆ ಶಟರ್ ಎತ್ತುಮುಂದ ಎದಿ ಹಿಡಕೊಂಡು ಕುಂತ್ರು, ಏಳಲಿಲ್ಲ."

ಅಂಗಡಿಯ ಮುಂದೆ ಕುರ್ಚಿ ಹಾಕಿ ಶೋಕಸಭೆ ಮಾಡಿದರು. ಸಂಘದವರೆಲ್ಲ ಬಂದಿದ್ದರು. ಆ ಗ್ಯಾರೇಜಿನವನೂ ಬಂದಿದ್ದ, ದೊಡ್ಡ ಹಾರ ತಂದಿದ್ದ. ಫೋಟೋಕ್ಕೆ ಹಾಕಿ, ಕೈಕಟ್ಟಿ ನಿಂತು, "ಕಾಕು ನಮ್ಮ ಲೈನಿನವರಿಗೆಲ್ಲಾ ತಾಯಿ ಇದ್ದಂಗ ಇದ್ರು" ಅಂದ. ಮುಂದಿನ ಸಾಲಿನ ಹಿರಿಯರು ಕಣ್ಣೊರೆಸಿಕೊಂಡರು.

ನಾನು ಎದ್ದು ನಿಂತೆ. "ತಾಯಿಗೆ ಹಿಂಗ ಮಾಡ್ತಾರೇನು?" ಎಂದು ಕೇಳಿದೆ. ಡಿಸ್ಕ್ ಬದಲಿಸಿದವನು ಇವನೇ, ನನ್ನ ಮನೆಗೆ ಬಂದು ಒಪ್ಪಿಕೊಂಡವನು ಇವನೇ, ಆ ದಿನ ಸಭೆಗೆ ಬಾರದೆ ಕೂತವಳು ನಾನು ಎಂದು ಹೇಳತೊಡಗಿದೆ. ಸಂಘದ ಹಿರಿಯರೊಬ್ಬರು, "ಸತ್ತವರ ಮುಂದ ಇದ್ಯಾಕ್ರಿ ಟೀಚರ್, ಕುಂಡರ್ರಿ" ಎಂದು ಗದರಿದರು.

ಆಗ ಕಾಕುವಿನ ಮಗಳು ಎದ್ದಳು. ತಾಯಿಯದೇ ಹುಬ್ಬು, ತಾಯಿಯದೇ ಗಂಟು. ನನ್ನ ಪರವಾಗಿ ಮಾತಾಡುತ್ತಾಳೆ ಎಂದು ಒಂದು ಕ್ಷಣ ಅಂದುಕೊಂಡೆ.

"ಹೇಳ್ರಿ ಟೀಚರ್, ಪೂರ್ತಿ ಹೇಳ್ರಿ, ಎಲ್ಲಾರೂ ಕೇಳ್ಲಿ. ಆದ್ರ ಇದು ನಮ್ಮವ್ವನ ಸಲುವಾಗಿ ಅಂತ ತಿಳ್ಕೋಬ್ಯಾಡ್ರಿ. ಆಕಿಗೆ ಬೇಕಾದ ದಿನಾ ನೀವು ಬರ್ಲಿಲ್ಲ."

ನಾನು ಕೂಡಲಿಲ್ಲ. ಪೂರ್ತಿ ಹೇಳಿದೆ.