ಹವಳ ಮುಚ್ಚಿಕೊಂಡ ದಿನಗಳು

ಆ ಹವಳ ಯಾವ ಬಣ್ಣದವಿದ್ದವು ಎಂದು ಈಗ ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನಲ್ಲಿ ಹಸಿರು. ಅವ್ವ ಕೊನೆಯವರೆಗೂ ಕಂದು ಎಂದೇ ಹೇಳಿದಳು. ಹಸಿರು ಎಂದು ಬರೆದರೆ ಚೆಂದ ಕಾಣುತ್ತದೆ, ಅದಕ್ಕೇ ನನಗೆ ಅನುಮಾನ. ಮುಚ್ಚಿಕೊಂಡಾಗ ಮಾತ್ರ ನೆನೆಹಾಕಿದ ಕಡಲೆಯ ಹಾಗಿದ್ದವು. ಅದರ ಬಗ್ಗೆ ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ.

ಮುಂಬಯಿಯ ಮಿಲ್ಲಿನ ಕೆಲಸ ಹೋಗಿ ಅಣ್ಣ ಶಹಾಬಾದಿಗೆ ಮರಳಿದಾಗ ಟ್ರಂಕಿನ ಜೊತೆ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರೊಳಗೆ ಸಮುದ್ರದ ನೀರು, ನೀರಿನಲ್ಲಿ ಅಂಗೈಯಷ್ಟು ಕಲ್ಲು, ಕಲ್ಲಿನ ಮೇಲೆ ಜೀವಂತ ಹವಳ. ಅಂಗಿಯ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಂತೆ ಬಾಯಿಗಳು, ಸುತ್ತ ಸಣ್ಣ ಎಸಳುಗಳು. ಸಮುದ್ರ ಇಳಿದ ಹೊತ್ತಿನಲ್ಲಿ ದಂಡೆಯ ಬಂಡೆಯಿಂದ ತಾನೇ ಎಬ್ಬಿಸಿದ್ದೆಂದ.

"ಫರಸಿ ಊರಿಗಿ ಮತ್ತೊಂದು ಕಲ್ಲು ತಂದಿ?" ಎಂದಳು ಅವ್ವ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳೇ ನಮ್ಮೂರ ಸುತ್ತ.

ಪಡಸಾಲೆಯ ಬೆಳಕಿಂಡಿಯ ಕೆಳಗೆ ಗಾಜಿನ ತೊಟ್ಟಿ ಬಂತು, ಗುಳುಗುಳು ಗಾಳಿ ಊದುವ ಪಂಪು ಬಂತು. ಮುಂಬಯಿ ಕಡೆಯ ರೈಲಿನ ಪರಿಚಯದ ಗಾರ್ಡ್ ಆಗಾಗ ಕ್ಯಾನಿನಲ್ಲಿ ಸಮುದ್ರದ ನೀರು ತಂದುಕೊಡುತ್ತಿದ್ದ. ನಮ್ಮ ಬಿಸಿಲಿಗೆ ನೀರು ಆರಿದಷ್ಟೂ ಉಪ್ಪು ಹೆಚ್ಚುತ್ತದೆ. ಆರಿದಷ್ಟು ಸಿಹಿನೀರನ್ನು ಬೆಳಿಗ್ಗೆ ಸೇರಿಸಬೇಕು. ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯುವ ಲ್ಯಾಕ್ಟೋಮೀಟರನ್ನೇ ತೇಲಿಬಿಟ್ಟು ಅಣ್ಣ ಉಪ್ಪು ನೋಡುತ್ತಿದ್ದ. ಸಿಹಿನೀರು ಹಂಡೆಯದು. ಅವನ ಹೆಂಡತಿ, ಎಂದರೆ ನನ್ನ ವೈನಿ, ತವರೂರು ಕೊಡ್ಲಿಯಿಂದ ಮದುವೆಯಲ್ಲಿ ತಂದ ತಾಮ್ರದ ಹಂಡೆ ಅದು. ರಾತ್ರಿಯಿಡೀ ತಾಮ್ರದಲ್ಲಿ ನಿಂತ ನೀರು ನಮ್ಮಲ್ಲಿ ಎಲ್ಲಕ್ಕಿಂತ ಶುದ್ಧ. ಅವ್ವನ ಲಿಂಗಪೂಜೆಗೆ ಅದೇ, ಹವಳಕ್ಕೂ ಅದೇ. ವೈನಿ ಸೋಮವಾರ ಸೋಮವಾರ ಹುಣಸೆಹಣ್ಣು, ಬೂದಿ ಹಚ್ಚಿ ಅದನ್ನು ತಿಕ್ಕುತ್ತಿದ್ದಳು. ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತಿತ್ತು.

ಹೊಸದರಲ್ಲಿ ಹವಳ ದಿನವೂ ಅರಳಿದವು. ಆಮೇಲೆ ಅಂಚಿನಿಂದ ಮುಚ್ಚುತ್ತ ಬಂದವು.

ಅಣ್ಣ ಕೆಲಸ ಹುಡುಕುವುದನ್ನು ಬಿಟ್ಟು ಕಾರಣ ಹುಡುಕಲು ಕೂತ. ಮೊದಲು ಫರಸಿ ಪಾಲಿಶ್ ಮಾಡುವ ಮಿಷನ್ನಿನ ಧೂಳು ಎಂದು ಕಿಟಕಿಗೆ ಗೋಣಿಚೀಲ ಹೊಡೆದ. ನಂತರ ಊದಿನಕಡ್ಡಿಯ ಹೊಗೆ ಎಂದ, ಅವ್ವನ ಪೂಜೆ ಹಿತ್ತಲಿಗೆ ಹೋಯಿತು. ಬೆಳಕು ಹೆಚ್ಚಾಯಿತೆಂದು ಬೆಳಕಿಂಡಿಗೆ ಧೋತರ ಕಟ್ಟಿದ, ಕಡಿಮೆಯಾಯಿತೆಂದು ಬಿಚ್ಚಿದ. ವಸ್ತುಗಳು ಮುಗಿದ ಮೇಲೆ ಸಂಶಯ ಮನುಷ್ಯರ ಮೇಲೆ ತಿರುಗಿತು. ಮನೆಯಲ್ಲಿದ್ದವರು ಅವ್ವ, ನಾನು, ವೈನಿ. ಹೊರಗಿನಿಂದ ಬಂದವಳು ಒಬ್ಬಳೇ.

"ತೊಟ್ಟ್ಯಾಗ ಅರಿಶಿಣದ ಕೈ ಅದ್ದೀದಿ ಏನು?" ಎಂದ ಅಣ್ಣ.

"ನಾ ಅದರ ಸಮೀಪ ಸುದ್ದಾ ಹೋಗಿಲ್ರಿ."

"ಮತ್ತ ಸಬಕಾರ?"

"ಸಬಕಾರ ಹಿತ್ತಲದಾಗ ಅದ. ಹೋಗಿ ಕೇಳ್ರಿ. ನಾ ಹೇಳಿದ್ರಂತೂ ನಂಬಂಗಿಲ್ಲ."

ಅವ್ವ ನಡುವೆ ಬಾಯಿ ಹಾಕಿದಳು. "ಅವಕ್ಕ ನಿನ್ನ ಮಾರಿ ನೋಡಿ ನೋಡಿ ಬ್ಯಾಸರಾಗ್ಯಾದ. ದಿನಾ ಹಿಂಗ ಮುಂದ ಕುಂತ್ರ ನಾನೂ ಮುಚಗೋತಿದ್ದೆ."

ವೈನಿ ನಕ್ಕಳು. ಅಣ್ಣನಿಗೆ ಅಷ್ಟು ಸಾಕಾಯಿತು.

"ನಗ್ತಿ? ನೀನೇ ಏನೋ ಹಾಕಾಕತ್ತೀದಿ. ನನಗಂತ ಉಳದಿದ್ದು ಇದೊಂದು. ಇದೂ ಇರಬಾರದು ನಿನಗ."

"ಇದೊಂದೇ ಏನ್ರಿ? ಹಂಗಾರ ನಾ ಯಾರಿಗಂತ ಉಳದೀನಿ?"

ಮರುದಿನ ಆಕೆ ಕೊಡ್ಲಿಗೆ ಹೋಗಲು ಚಿಂಚೋಳಿ ಕಡೆಯ ಬಸ್ಸು ಹತ್ತಿದಳು.

ಆಕೆ ಹೋದ ಮೇಲೆ ಹಂಡೆಯನ್ನು ತಿಕ್ಕಿ ತುಂಬುವವರಿರಲಿಲ್ಲ. ನಾನು ಮಣ್ಣಿನ ಹರವಿ ತುಂಬಿಡುತ್ತಿದ್ದೆ, ಅಣ್ಣ ಅದರ ನೀರನ್ನೇ ತೊಟ್ಟಿಗೆ ಹಾಕಿದ. ಗಾರ್ಡ್ ಹೊಸ ಸಮುದ್ರದ ನೀರನ್ನೂ ತಂದ. ಹವಳ ಅರಳಿದವು.

"ನೋಡಿದಿ? ಆಕಿ ಹ್ವಾದಳು, ಇವು ಅರಳಿದವು." ಬಂದವರಿಗೆಲ್ಲ ಇದನ್ನೇ ಹೇಳಿದ. ಮಾತು ಕೊಡ್ಲಿಯವರೆಗೆ ಹೋಯಿತು.

ದಸರೆಗೆ ಅವ್ವ ಹಂಡೆ ತಿಕ್ಕಿಸಿ ತುಂಬಿಸಿದಳು. ಅಣ್ಣ ಹಳೆಯ ರೂಢಿಯಂತೆ ಅದರಿಂದಲೇ ನೀರು ಹಾಕಿದ. ಹಬ್ಬ ಮುಗಿಯುವ ಮೊದಲೇ ಕಲ್ಲಿನ ಮೇಲೆ ಮತ್ತೆ ಕಡಲೆಕಾಳು. ಅವನು ತಂಬಿಗೆ ಹಿಡಿದು ಹಂಡೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಈ ಚಿತ್ರವನ್ನು ನಾನು ನಂಬುವುದಿಲ್ಲ, ತೀರ ಅನುಕೂಲಕ್ಕೆ ತಕ್ಕಂತಿದೆ. ಆದರೆ ನಂತರದ ಮಾತು ನನ್ನ ಕಿವಿಯಲ್ಲೇ ಇದೆ.

"ಅವ್ವಾ, ಹಂಡೇದ ನೀರು ತೊಟ್ಟಿಗಿ ಬ್ಯಾಡ. ತಾಮ್ರ ಬಿಡ್ತದ ಅದು. ಹುಣಸಿ ಹಚ್ಚಿ ತಿಕ್ಕಿದ್ರಂತೂ ಭಾಳ. ಅವಕ್ಕ ಅದು ವಿಷ."

"ಹಂಗಾರ ಆಕಿದೇನು ತಪ್ಪು? ಕೊಡ್ಲಿಗಿ ಹೋಗಿ ಕರಕೊಂಡು ಬಾ."

"ಹೋಗಿ ಏನನ್ಲಿ?"

"ತಪ್ಪು ಹಂಡೇದಿತ್ತು ಅನ್ನು."

"ಹಂಡೆ ಆಕಿದೇ ಅಲ್ಲೇನು?"

ತೊಟ್ಟಿಯ ನೀರನ್ನೆಲ್ಲ ಬದಲಾಯಿಸಿದ. ದೀಪಾವಳಿಯ ಹೊತ್ತಿಗೆ ಹವಳ ಚೇತರಿಸಿಕೊಂಡವು. ಅಣ್ಣ ಕೊಡ್ಲಿಗೆ ಹೋಗಲಿಲ್ಲ.

ತೊಗರಿ ರಾಶಿಗೆ ಮುಂಚೆ ವೈನಿ ತಾನೇ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು ಇತ್ತು, ಇರಲೆಂದೇ ಬಂದಿದ್ದಳು. ಅಣ್ಣ ನೀರಿನ ಕ್ಯಾನ್ ತರಲು ಸ್ಟೇಶನ್ನಿಗೆ ಹೋಗಿದ್ದ. ಆಕೆ ನೇರ ತೊಟ್ಟಿಯ ಮುಂದೆ ನಿಂತಳು.

"ನಾ ಹ್ವಾದ ಮ್ಯಾಗ ಅರಳ್ಯಾವಂತ. ಖರೇ ಏನು?"

"ನಿಮ್ಮಿಂದ ಮುಚ್ಚಿದ್ದಿಲ್ಲ ವೈನಿ, ಹಂಡೇದ ತಾಮ್ರಕ್ಕ ಮುಚ್ಚಿದ್ವು," ಎಂದೆ.

ಆಕೆಯ ಮುಖ ಸಡಿಲಾಯಿತು. ನಗುತ್ತಾಳೆ ಅಂದುಕೊಂಡೆ.

"ಅವರಿಗಿ ಗೊತ್ತದೇನು?"

"ಗೊತ್ತದ."

"ಯಾವಾಗಿಂದ?"

"ದಸರಾದಾಗ ಗೊತ್ತಾತವಾ," ಎಂದಳು ಅವ್ವ ಒಳಗಿನಿಂದ. ಅದರಿಂದ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳೋ ಏನೋ.

"ಅವರಿಗಿ ಇನ್ನಾ ಗೊತ್ತಿಲ್ಲ ಅಂದಿದ್ರ ಇಲ್ಲೇ ಕುಂದರ್ತಿದ್ದೆ, ಅತ್ತಿ."

ಗಂಟು ಕೆಳಗಿಡಲಿಲ್ಲ. ಹಿತ್ತಲಲ್ಲಿ ಹಂಡೆ ಬೋರಲು ಹಾಕಿದಳು. ನೀರು ಫರಸಿಯ ಸಂದಿಗಳಲ್ಲಿ ಹರಿದು ಹೋಯಿತು. ಗಂಟನ್ನು ಹಂಡೆಯೊಳಗೆ ತುರುಕಿ ಸೊಂಟಕ್ಕೇರಿಸಿಕೊಂಡು ಹೊರಟಳು. ಅವ್ವ ಊರಬಾಗಿಲ ಅಗಸಿಯವರೆಗೆ ಹೆಸರು ಹಿಡಿದು ಕೂಗುತ್ತ ಹೋದಳು.

ಅಣ್ಣ ಕ್ಯಾನ್ ಹೊತ್ತು ಬಂದ. ಹಂಡೆ ಇದ್ದ ಜಾಗದಲ್ಲಿ ದುಂಡಗಿನ ಹಸಿರು ಕಲೆ ಇತ್ತು. ಆ ಹಸಿರಿನ ಬಗ್ಗೆ ನನಗೆ ಅನುಮಾನವಿಲ್ಲ. ಅದನ್ನು ನೋಡಿದ, ನಮ್ಮಿಬ್ಬರ ಮುಖ ನೋಡಿದ, ಕ್ಯಾನ್ ಇಳಿಸಿ ತೊಟ್ಟಿಯ ಮುಂದೆ ಕೂತ.

"ಇವತ್ತ ಭಾಳ ಛಂದ ಅರಳ್ಯಾವ," ಎಂದ.