ಹಾಸ್ಟೆಲುಗಳ ಹಾಸಿಗೆ ಬಿಚ್ಚುತ್ತಿದ್ದ ಖಾಲಾ

ಹೋದ ತಿಂಗಳು ಅಟ್ಟದಿಂದ ಹಳೆಯ ಹತ್ತಿ ಹಾಸಿಗೆಯೊಂದನ್ನು ಇಳಿಸಿ ತಾರಸಿಯ ಮೇಲೆ ಹಾಕಿದೆ. ಬಿಸಿಲು ತಾಗಿದ್ದೇ ತಡ, ಹಿಂಜಿದ ಹತ್ತಿಯ ಆ ಒಣ ವಾಸನೆ ಮೂಗಿಗೆ ಬಂತು. ಮೂಲೆಯಲ್ಲಿ ಕೆಂಪು ದಾರದ ಗಂಟು ಇನ್ನೂ ಗಟ್ಟಿಯಾಗಿಯೇ ಇತ್ತು. ಹಾಸ್ಟೆಲಿನಲ್ಲಿ ಹಾಸಿಗೆ ಅದಲುಬದಲಾಗದಿರಲೆಂದು ಆ ಗಂಟು ಹಾಕಿಕೊಟ್ಟವರು ಸೋಲದೇವನಹಳ್ಳಿಯ ಹಾಸಿಗೆ ಅಂಗಡಿಯ ಖಾಲಾ. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ; ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಹೆಸರು ಕೇಳಬೇಕೆಂದು ಹೊಳೆಯಲೇ ಇಲ್ಲ…

ನನಗಾಗ ಹದಿನೆಂಟು. ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಕಾಲೇಜಿನ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಮಧುಗಿರಿಯಿಂದ ನನ್ನನ್ನು ಕರೆತಂದಿದ್ದ ಅಪ್ಪನ ಷರತ್ತು ಸರಳವಾಗಿತ್ತು: ಸಂಜೆ ಬಸ್ಸಿನ ಹೊತ್ತಿಗೆ ಬೇರೆ ಹಾಸ್ಟೆಲ್ ಗೊತ್ತಾಗಬೇಕು, ಇಲ್ಲವಾದರೆ ವಾಪಸ್ಸು. ಸೇರಿದ ಮೇಲೆ ಮಧ್ಯದಲ್ಲಿ ಬಿಟ್ಟು ಬಂದರೂ ಅಷ್ಟೆ, ಓದು ಅಲ್ಲಿಗೆ ಮುಗಿಯಿತು.

ಮಧ್ಯಾಹ್ನದೊಳಗೆ ಅಪ್ಪ ಒಂದನ್ನು ಒಪ್ಪಿಯೂ ಬಿಟ್ಟರು. ಹೊಸ ಕಟ್ಟಡ, ಮುಖ ಕಾಣುವಂಥ ನೆಲ, ಬಾಗಿಲಲ್ಲೇ ಗಣಪತಿ. “ಕಾಂಪೌಂಡ್ ನೋಡು, ಎಷ್ಟೆತ್ತರ ಐತೆ,” ಎಂದು ಎರಡು ಸಲ ಹೇಳಿದರು. ಅಲ್ಲಿ ಹಾಸಿಗೆ ಕೊಡುತ್ತಿದ್ದರು. ಆದರೆ ಯಾರೋ ಮಲಗಿದ ಹಾಸಿಗೆಯಲ್ಲಿ ಮಲಗಬೇಡ ಎಂದು ಅಮ್ಮ ಹೇಳಿ ಕಳಿಸಿದ್ದಳು. ಹಾಗಾಗಿ ನಾವು ಖಾಲಾ ಅಂಗಡಿ ಹೊಕ್ಕೆವು.

ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, ಹತ್ತಿಯ ರಾಶಿಗಳ ನಡುವೆ ಕೂತು, ಬ್ಲೇಡಿನಿಂದ ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚುತ್ತಿದ್ದರು ಖಾಲಾ. ರಜೆಯಲ್ಲಿ ಸುತ್ತಲಿನ ಹಾಸ್ಟೆಲುಗಳ ಹಾಸಿಗೆಗಳೆಲ್ಲ ಹಿಂಜಿ ಮತ್ತೆ ಹೊಲಿಯಲು ಅಲ್ಲಿಗೇ ಬರುತ್ತಿದ್ದವು. ಯಾವ ಹಾಸ್ಟೆಲ್ ಎಂದು ಕೇಳಿದರು. ಹೇಳಿದೆ. ಬ್ಲೇಡು ನಿಂತಿತು.

“ಅಣ್ಣಾ, ಸ್ವಲ್ಪ ಒಳಗೆ ಬನ್ನಿ. ನೀವು ಗೋಡೆ ನೋಡ್ಕೊಂಡು ಬಂದ್ರಿ. ನಾನು ಹಾಸಿಗೆ ಹೊಟ್ಟೆ ನೋಡೋಳು. ಇದು ಅವರದ್ದೇ, ನೋಡಿ.”

ಹತ್ತಿಯ ಪಕ್ಕದಲ್ಲಿ ಬಿಸ್ಕತ್ತಿನ ಕಾಗದಗಳ ಗುಡ್ಡೆ. ಉಪ್ಪಿನಕಾಯಿಯ ಸಣ್ಣ ಸಣ್ಣ ಪ್ಯಾಕೆಟ್ಟುಗಳು. ಹತ್ತಿಯೋ ಕಪ್ಪಾಗಿ ಉಂಡೆಗಟ್ಟಿತ್ತು.

“ಊಟ ಸರಿಯಿದ್ರೆ ಹುಡುಗೀರು ಹೊಲಿಗೆ ಬಿಚ್ಚಿ ಬಿಸ್ಕತ್ ಬಚ್ಚಿಡ್ತಾರಾ? ಗೋಡೇಲಿ ನೀರು ಇಳೀದೆ ಹತ್ತಿ ಹಿಂಗಾಗ್ತದಾ? ದಸರಾ ರಜಕ್ಕೆ ಹೋದವರಲ್ಲಿ ಅರ್ಧ ಜನ ವಾಪಸ್ ಬರಲ್ಲ ಅಣ್ಣಾ.”

ದಸರಾ… ವಾಪಸ್ ಹೋದರೆ ನನ್ನ ಕಥೆ ಏನೆಂದು ನನಗೆ ಗೊತ್ತಿತ್ತು.

“ಹಂಗಾರೆ ಯಾವ್ದು ಸರಿ ನೀವೇ ಹೇಳಿ,” ಎಂದರು ಅಪ್ಪ. ಖಾಲಾ ಗದ್ದದಿಂದಲೇ ಇನ್ನೊಂದು ರಾಶಿ ತೋರಿಸಿದರು. ಬೆಳ್ಳಗಿನ ಹತ್ತಿ, ಬದಿಯಲ್ಲಿ ನಾಲ್ಕು ಹೇರ್‌ಪಿನ್ನು, ಒಂದು ಪೆನ್ನಿನ ಮುಚ್ಚಳ. “ಇವರು ತಿಂತಾರೆ, ಓದ್ತಾರೆ, ಮಲಗ್ತಾರೆ. ಅಷ್ಟೇ.”

ಹಿಂದಿನ ರಸ್ತೆಯಲ್ಲಿದ್ದ ಆ ಹಾಸ್ಟೆಲಿನಲ್ಲಿ ಜಾಗ ಇತ್ತು. ಬಣ್ಣ ಉದುರಿದ ಕಟ್ಟಡ, ಮೇಕೆ ಹಾರುವಷ್ಟು ಗೋಡೆ. ಅಪ್ಪನ ಮುಖ ಸಪ್ಪಗಾಯಿತು. ಜೀವನದಲ್ಲಿ ಮೊದಲ ಸಲ ಅವರಿಗೆ ಎದುರು ಹೇಳಿದೆ: “ಓದೋದು ನಾನು ಅಪ್ಪಾ, ಗೋಡೆ ಅಲ್ಲ. ಇಲ್ಲೇ ಇರ್ತೀನಿ.” ಅಪ್ಪ ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ ಬಂದರು. ಆಮೇಲೆ ಜೇಬಿನಿಂದ ದುಡ್ಡು ತೆಗೆದರು.

ತಪ್ಪಾದದ್ದು ಅದರ ನಂತರ. ಮೊದಲ ಹಾಸ್ಟೆಲಿಗೆ ಮಾತು ಕೊಟ್ಟಿದ್ದೇನೆ, ಬರುವುದಿಲ್ಲ ಅಂತ ಹೇಳಿ ಬರುವುದು ಮರ್ಯಾದೆ ಎಂದು ಅಪ್ಪ ಹೋದರು. ಮ್ಯಾನೇಜರು ಯಾಕೆ ಎಂದು ಕೇಳಿದ. ಅಪ್ಪ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. “ಹಾಸಿಗೆ ಅಂಗಡಿಯವರು ತೋರ್ಸಿದ್ರು,” ಎಂದುಬಿಟ್ಟರು.

ನನ್ನ ಹಾಸಿಗೆಗೆ ಖಾಲಾ ದಬ್ಬಣದಿಂದ ಹೊಲಿಗೆ ಹಾಕುತ್ತಿರುವಾಗಲೇ ಆತ ಬೈಕಿನಲ್ಲಿ ಬಂದ. ಇನ್ನು ಮೇಲೆ ಒಂದು ದಿಂಬೂ ನಿಮ್ಮ ಅಂಗಡಿಗೆ ಬರುವುದಿಲ್ಲ ಎಂದ. ಖಾಲಾ ತಲೆ ಎತ್ತಲಿಲ್ಲ.

“ಬೇಡ ಬಿಡಿ. ಇವಾಗ್ಲೇ ತಗೊಂಡ್ಹೋಗಿ, ಬಿಚ್ಚಿರೋದು ಬಿಚ್ಚಿದ ಹಾಗೇ. ಬಿಸ್ಕತ್ ಕಾಗದ ಬೇರೆ ಕಟ್ಟಿಕೊಡ್ತೀನಿ, ಅದೂ ನಿಮ್ಮದೇ.”

ಸ್ವಲ್ಪ ಹೊತ್ತಿಗೆ ಗೂಡ್ಸ್ ಆಟೋ ಬಂತು. ಗೋಣಿಚೀಲಗಳಿಗೆ ತುಂಬಿದ ಹತ್ತಿ ಹೆಸರಘಟ್ಟ ರಸ್ತೆಯುದ್ದಕ್ಕೂ ಹಾರಿಕೊಂಡು ಹೋಯಿತು. ಅಪ್ಪ ಕೈಕಟ್ಟಿ ನಿಂತು, “ನನ್ನಿಂದ ಹಿಂಗಾಯ್ತು ತಾಯಿ,” ಎಂದರು. ಬಾಯಿತುಂಬ ದಾರ ಕಚ್ಚಿಕೊಂಡಿದ್ದ ಖಾಲಾ ಕೈಯಾಡಿಸಿ ಸುಮ್ಮನಾಗಿಸಿದರು.

ನಾಚಿಕೆಯಿಲ್ಲದೆ ಇದನ್ನೂ ಬರೆಯುತ್ತೇನೆ: ಅದೇ ಹೊತ್ತಿನಲ್ಲಿ ನಾನು ಹಾಸಿಗೆಯ ರೇಟು ಇಳಿಸಲು ಕೇಳಿದೆ. ಖಾಲಾ ದಾರ ಉಗಿದು ನಕ್ಕರು. “ನಿನ್ನಿಂದ ಒಂದು ಹಾಸ್ಟೆಲ್ಲೇ ಹೋಯ್ತು, ನೀನು ರೇಟ್ ಇಳಿಸು ಅಂತೀಯ. ಬದುಕ್ಕೊಳ್ತೀಯ ಬೇಟಿ.” ಬಿಡಿಗಾಸೂ ಇಳಿಸಲಿಲ್ಲ. ಕೆಂಪು ಗಂಟು ಮಾತ್ರ ಪುಕ್ಕಟೆ ಹಾಕಿದರು.

ಬದುಕಿಕೊಂಡೆ. ಮೂರು ವರ್ಷ ಆ ಹಾಸಿಗೆಯ ಮೇಲೆ ಮಲಗಿ ಡಿಗ್ರಿ ಮುಗಿಸಿದೆ. ಈಗ ಹೆಬ್ಬಾಳದ ಕಡೆ ಮುಚ್ಚುವ ಆಫೀಸುಗಳ ಕುರ್ಚಿ ಮೇಜು ಕೊಂಡು ಮಾರುತ್ತೇನೆ. ಮಾತು ಶುರುಮಾಡುವ ಮೊದಲೇ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುವುದು ಖಾಲಾ ಕಲಿಸಿದ ವಿದ್ಯೆ.

ಅಟ್ಟದ ಹಾಸಿಗೆ ಇಳಿಸಿದ್ದು ತಂಗಿಯ ಮಗಳಿಗಾಗಿ. ಅವಳಿಗೂ ಈಗ ಹಾಸ್ಟೆಲ್ ಹುಡುಕಾಟ. ಇಲ್ಲೇ ಸಿಂಗಾಪುರ ಬಡಾವಣೆಯ ಹತ್ತಿರ ಅವಳು ಮೆಚ್ಚಿದ ಒಂದಕ್ಕೆ ಹೋದೆವು. ಜಿಮ್ ಇದೆ, ಊಟಕ್ಕೆ ಆ್ಯಪ್ ಇದೆ. ನಾನು ರೂಮಿನೊಳಗೆ ಹೋಗಿ ಫೋಮ್ ಹಾಸಿಗೆಗೆ ಕೈಹಾಕಿದೆ.

“ಮೇಡಂ, ಬೆಡ್ ಎಲ್ಲಾ ಎತ್ತೋ ಹಾಗಿಲ್ಲ,” ಎಂದ ಅಲ್ಲಿಯ ಮ್ಯಾನೇಜರು.

“ಮೂರು ವರ್ಷ ಮಲಗೋಳು ನಮ್ಮ ಹುಡುಗಿ ಕಣಪ್ಪಾ,” ಎಂದು ಎತ್ತಿದೆ. ಕೆಳಗೆ ನೂಡಲ್ಸ್ ಪ್ಯಾಕೆಟ್ಟುಗಳು ಒತ್ತಾಗಿ ಕೂತಿದ್ದವು. “ದೊಡ್ಡಮ್ಮಾ, ಮಾನ ಕಳೀಬೇಡಿ,” ಎಂದು ಪಿಸುಗುಟ್ಟುತ್ತಿದ್ದವಳು ಅವನ್ನು ನೋಡಿ ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದಳು.

ಹಾಗೇ ಅವಳನ್ನು ಸೋಲದೇವನಹಳ್ಳಿಗೆ ಕರೆದೊಯ್ದೆ, ಖಾಲಾರನ್ನೇ ಕೇಳೋಣವೆಂದು. ಅಂಗಡಿಯ ಜಾಗದಲ್ಲಿ ಜೆರಾಕ್ಸ್ ಮಾಡುತ್ತಿದ್ದರು. ಹಾಸಿಗೆ ಖಾಲಾ ತೀರಿಕೊಂಡು ಎರಡು ವರ್ಷವಾಯಿತಂತೆ. ನನ್ನ ಅಂಗಡಿಯಿಂದ ಅಲ್ಲಿಗೆ ಎಷ್ಟು ದೂರ… ಇಷ್ಟು ವರ್ಷಗಳಲ್ಲಿ ಒಂದು ಸಲ ಹೋಗಲಾಗದಷ್ಟು ದೂರವೇನಲ್ಲ. ಆ ಹಾಸ್ಟೆಲು ಕೈಬಿಟ್ಟಾಗ ಖಾಲಾ ಆ ವರ್ಷ ಹೇಗೆ ತಳ್ಳಿದರೆಂದು ಹಾಸ್ಟೆಲಿನಲ್ಲಿದ್ದ ಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಇನ್ನು ಕೇಳುವುದಕ್ಕೆ ಯಾರೂ ಇಲ್ಲ.

ಜೆರಾಕ್ಸ್ ಅಂಗಡಿಯ ಮುಂದೆ ನಿಂತ ನನ್ನನ್ನು ಹುಡುಗಿಯೇ ಮೊಳಕೈ ಹಿಡಿದು ಎಳೆದಳು. “ಬನ್ನಿ ದೊಡ್ಡಮ್ಮಾ, ಇನ್ನೂ ಎರಡು ಹಾಸ್ಟೆಲ್ ಇದೆ. ಈ ಸಲ ಬೆಡ್ ನಾನೇ ಎತ್ತುತ್ತೀನಿ.”