ಹೆಸರು ಹಾಕದ ಕಾರ್ಡು

ಮೊನ್ನೆ ಅಣ್ಣನ ಮಗಳು ಹೋಮ್‌ವರ್ಕಿಗೆ ಕೂತು ಹೊಸ ಜೆಲ್ ಪೆನ್ನಿನ ಮುಚ್ಚಳ ತೆಗೆದಳು. ಸ್ಟ್ರಾಬೆರಿ ವಾಸನೆ. ಪಕ್ಕದಲ್ಲಿ ನಾನೂ ಅತ್ತಿಗೆಯೂ ಇದ್ದೆವು. ಅತ್ತಿಗೆ ಏನೋ ಕೇಳಿದರು, ನನ್ನ ಕಿವಿಗೆ ಬೀಳಲಿಲ್ಲ. ನಾನಾಗಲೇ ಕೊಡಿಗೇಹಳ್ಳಿಯ ಹಳೇ ಬೀದಿಯ ಫ್ಯಾನ್ಸಿ ಸ್ಟೋರಿನಲ್ಲಿ ನಿಂತಿದ್ದೆ...

ಅಂಗಡಿಯ ಅಕ್ಕ ಗದಗದ ಕಡೆಯವರು. ಗಂಡನಿಗೆ ಪೀಣ್ಯದಲ್ಲಿ ಕೆಲಸ. ಬಂದ ಹೊಸದರಲ್ಲಿ ಊರಿನ ಮನೆಗಳಲ್ಲಿ ಯಾರೂ ಅವರನ್ನು ಒಳಗೆ ಕರೆದವರಲ್ಲ. ಒಮ್ಮೆ ಯಾರದೋ ಮದುವೆಗೆ ಲಗ್ನಪತ್ರಿಕೆಯ ಕವರುಗಳ ಮೇಲೆ ಹೆಸರು ಬರೆದುಕೊಟ್ಟರಂತೆ. ದುಂಡನೆಯ ಅಕ್ಷರ, ತಲೆಕಟ್ಟಿನ ತುದಿ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತಿತ್ತು. ಆಮೇಲೆ ಯಾರ ಮನೆಯ ಮದುವೆಯಾದರೂ ಪತ್ರಿಕೆಯ ಕಟ್ಟು ಮೊದಲು ಅಕ್ಕನ ಕೈಗೆ. ಬರೆದದ್ದಕ್ಕೆ ಅವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮದುವೆಮನೆಯವರು ಚಪ್ಪರದ ದಿನದಿಂದಲೇ ಅವರನ್ನು ಕರೆಯುತ್ತಿದ್ದರು, ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. ಪರವೂರಿನ ಹೆಂಗಸಿಗೆ ಅದು ಸಣ್ಣ ಮಾತಲ್ಲ.

2009ರ ಫೆಬ್ರವರಿ. ನಾನು ಡಿಗ್ರಿ ಓದುತ್ತಿದ್ದೆ. ಹಿಂದಿನ ಬೀದಿಯ ಹುಡುಗಿಗೆ ಪ್ರೇಮಿಗಳ ದಿನಕ್ಕೆಂದು ಕಾರ್ಡೊಂದನ್ನು ಆರಿಸಿ, ಒಳಗೆ ಎರಡು ಸಾಲು ಬರೆದುಕೊಡಿ ಅಂದೆ.

"ಇಷ್ಟುದ್ದ ಬೆಳದೀ, ಎರಡು ಸಾಲು ಬರಿಯಾಕ ಬರೂದಿಲ್ಲೇನೋ ತಮ್ಮಾ?"

"ಬರೆಯೋಕ್ ಬರುತ್ತೆ ಅಕ್ಕ. ನಾನು ಬರೆದಿದ್ದನ್ನ ಓದೋಕೆ ಯಾರಿಗೂ ಬರಲ್ಲ."

ಅಕ್ಕ ನಕ್ಕು, ಆ ವಾಸನೆಯ ಪೆನ್ನಿನಲ್ಲಿ ಬರೆದರು. "ನಿನ್ನ ಹೆಸರು ಹಾಕಲೇನು?"

"ಬೇಡಕ್ಕ, ಅವಳಿಗೆ ಗೊತ್ತಾಗುತ್ತೆ."

ಹೆಸರಿಲ್ಲದಿದ್ದರೆ ಸಿಕ್ಕಿಬೀಳುವುದಿಲ್ಲ ಎಂಬ ಜಾಣತನ ನನ್ನದು. ಆ ಅಕ್ಷರ ಊರಿನ ಪ್ರತಿ ಮನೆಯ ಬೀರುವಿನಲ್ಲೂ ಇದೆ ಎನ್ನುವುದು ನನಗೂ ಹೊಳೆಯಲಿಲ್ಲ, ಅಕ್ಕನಿಗೂ ಹೊಳೆಯಲಿಲ್ಲ.

ನಾಲ್ಕು ದಿನ ಕಳೆದು ಹುಡುಗಿಯ ತಂದೆ ಅಂಗಡಿಗೆ ಬಂದರು. ನಾನು ಅಲ್ಲೇ ರೀಫಿಲ್ ಹುಡುಕುತ್ತಿದ್ದೆ. ಅವರು ಗಾಜಿನ ಮೇಲೆ ನನ್ನ ಕಾರ್ಡನ್ನಿಟ್ಟರು, ಪಕ್ಕದಲ್ಲಿ ತಮ್ಮ ದೊಡ್ಡ ಮಗಳ ಮದುವೆಯ ಹಳೆಯ ಕವರು.

"ಎರಡೂ ನಿನ್ ಕೈ ಬರಾನೇ. ನನ್ ಮಗಳು ಬಾಯಿ ಬಿಡ್ತಿಲ್ಲ. ಯಾರಿಗ್ ಬರ್ಕೊಟ್ಟೆ ಏಳಮ್ಮ."

ಅಕ್ಕ ನನ್ನತ್ತ ನೋಡಲಿಲ್ಲ. "ನನಗ ನೆನಪಿಲ್ರೀ ಅಣ್ಣಾರ. ಭಾಳ ಮಂದಿ ಬರ್ತಾರ."

"ನಮ್ಮನೆ ಅನ್ನ ಉಂಡು ಇಂಗ್ ಮಾಡಬೋದಾ?"

ಅಕ್ಕ ತಲೆ ತಗ್ಗಿಸಿದರು. ಅವರ ಕಿವಿ ಕೆಂಪಾಗಿತ್ತು. ನಾನು ರೀಫಿಲ್ ಡಬ್ಬಿಯಿಂದ ಕೈ ತೆಗೆಯಲಿಲ್ಲ... ಒಂದು ಮಾತು ಸಾಕಿತ್ತು. ಅವರು ಹೋದ ಮೇಲೆ ಅಕ್ಕ, "ಮನೀಗೆ ಹೋಗು ತಮ್ಮಾ, ಅಭ್ಯಾಸ ಮಾಡು," ಅಂದರು. ಅಷ್ಟೇ.

ಆ ಬೇಸಿಗೆಯಲ್ಲಿ ಊರಿನಲ್ಲಿ ಐದಾರು ಮದುವೆಗಳಾದವು. ಕಾರ್ಡಿನ ಮಾತು ಊರೆಲ್ಲ ಹಬ್ಬಿತ್ತು, ಒಂದು ಕಟ್ಟೂ ಅಂಗಡಿಗೆ ಬರಲಿಲ್ಲ. ಎದುರುಮನೆಯ ಚಪ್ಪರದ ದಿನ ಅಕ್ಕ ರೇಷ್ಮೆ ಸೀರೆಯುಟ್ಟು ಅಂಗಡಿಯಲ್ಲೇ ಕೂತಿದ್ದರು. ಯಾರೂ ಕರೆಯಲಿಲ್ಲ. ಮಧ್ಯಾಹ್ನ ಎದ್ದು ಶಟರ್ ಎಳೆದರು. ನಾನು ಬೀದಿಯ ಆ ಮಗ್ಗುಲಲ್ಲಿ ಊಟದ ಎಲೆಯ ಮುಂದೆ ಕೂತಿದ್ದೆ. ದೀಪಾವಳಿಗೆ ಮೊದಲೇ ಅಂಗಡಿ ಖಾಲಿ ಮಾಡಿಕೊಂಡು ಗಂಡಹೆಂಡತಿ ಶೆಟ್ಟಿಹಳ್ಳಿಗೆ ಹೋದರು. ಒಂದು ಬಸ್ಸು ಹಿಡಿದರೆ ಸಿಗುವ ಜಾಗ. ಹತ್ತು ವರ್ಷ ನಾನು ಹೋಗಲಿಲ್ಲ. ಇಂದು, ನಾಳೆ ಅಂತಲೇ...

ಅಕ್ಕ ಹೋದ ವರ್ಷ ತೀರಿಕೊಂಡರಂತೆ. ಮೊನ್ನೆ ಆ ಪೆನ್ನಿನ ವಾಸನೆ ತಡೆಯಲಾರದೆ ಶೆಟ್ಟಿಹಳ್ಳಿಗೆ ಅವರ ವಿಳಾಸ ವಿಚಾರಿಸಲು ಹೋದಾಗ ಗೊತ್ತಾಯಿತು. ಅಲ್ಲಿಂದ ನೇರ ಆ ಹುಡುಗಿಯ ತಂದೆಯ ಮನೆಗೆ ಹೋದೆ. ವಯಸ್ಸಾಗಿದೆ, ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಆ ಕಾರ್ಡು ನನ್ನದು, ಅಕ್ಕ ನನ್ನನ್ನು ಉಳಿಸಿದರು ಅಂದೆ. ಅಕ್ಕ ಈಗಿಲ್ಲ ಎಂದೂ ಹೇಳಿದೆ.

ಅವರು ಪೇಪರ್ ಮಡಿಸಿದರು.

"ಆವತ್ತೇ ಏಳ್ಬೇಕಿತ್ತು ಕಣಪ್ಪ," ಅಂದರು. "ನನ್ ಚಿಕ್ಕ ಮಗಳ ಮದುವೇಗೆ ಊರೆಲ್ಲಾ ಕರ್ದೆ. ಆಯಮ್ಮನ್ನ ಕರೀಲಿಲ್ಲ."

ಒಳಗಿನಿಂದ ಕಾಫಿ ಬಂತು. ಇಬ್ಬರೂ ಕುಡಿದೆವು.